ಹೊಲದ ನಕ್ಷೆಯಲ್ಲಿ ಮುತ್ತಜ್ಜನ ಮನೆ

1963ನೇ ಇಸವಿ, ಜೂನ್ 27. ಐರ್ಲೆಂಡಿನ ವೆಕ್ಸ್‌ಫರ್ಡ್ ಕೌಂಟಿಯ ಡಂಗನ್‌ಸ್ಟೌನ್ ಎಂಬಲ್ಲಿ ಒಂದು ರೈತರ ಮನೆ. ಅಂಗಳದಲ್ಲಿ ಮೇಜು ಹಾಕಿ ಚಹಾ ಸಿದ್ಧ ಮಾಡಿದ್ದಾರೆ. ಚಹಾ ಕುಡಿಯಲು ಬಂದ ನೆಂಟ ಸಾಮಾನ್ಯನಲ್ಲ, ಅಮೆರಿಕದ ಅಧ್ಯಕ್ಷ ಜಾನ್ ಎಫ್. ಕೆನಡಿ. ಅವರ ಮುತ್ತಜ್ಜ ಪ್ಯಾಟ್ರಿಕ್ ಕೆನಡಿ 1840ರ ದಶಕದ ಕೊನೆಯಲ್ಲಿ ಈ ನೆಲ ಬಿಟ್ಟು ಹಡಗು ಹತ್ತಿದ್ದ. ಊರಲ್ಲೇ ಉಳಿದವರ ಸಂತತಿ ಅದೇ ಜಮೀನಿನಲ್ಲಿ ಬೇಸಾಯ ಮಾಡಿಕೊಂಡಿತ್ತು. ಹೋದ ಕೆನಡಿಗಳಿಗೂ ಉಳಿದ ಕೆನಡಿಗಳಿಗೂ ಸೇರಿಸಿ ಅಧ್ಯಕ್ಷರು ಚಹಾದ ಬಟ್ಟಲೆತ್ತಿದರು.

ಇದು ಅದೃಷ್ಟವಂತರ ಕಥೆ. ತಮ್ಮ ಮೂಲ ಡಂಗನ್‌ಸ್ಟೌನ್ ಎಂಬುದು ಆ ಕುಟುಂಬಕ್ಕೆ ಗೊತ್ತಿತ್ತು. ಆದರೆ ಅಮೆರಿಕ ಒಂದರಲ್ಲೇ ತಾವು ಐರಿಷ್ ಮೂಲದವರು ಎಂದು ಹೇಳಿಕೊಳ್ಳುವವರು ಮೂರು ಕೋಟಿಗೂ ಹೆಚ್ಚು. ಇಡೀ ಐರ್ಲೆಂಡ್ ದ್ವೀಪದ ಇಂದಿನ ಜನಸಂಖ್ಯೆಯೇ ಸುಮಾರು 70 ಲಕ್ಷ. ಹೊರಗಿರುವ ಆ ಕೋಟಿಗಟ್ಟಲೆ ಜನರಲ್ಲಿ ಅನೇಕರಿಗೆ ಗೊತ್ತಿರುವುದು ಇಷ್ಟೇ: ‘ನಮ್ಮವರು ಐರ್ಲೆಂಡಿನಿಂದ ಬಂದರು, ಬಹುಶಃ ಕಾರ್ಕ್ ಕಡೆಯವರು.’ ಅಷ್ಟರಿಂದ ಮನೆ ಸಿಕ್ಕೀತೇ? ಕಾರ್ಕ್ ಕೌಂಟಿಯಲ್ಲಿ ಮರ್ಫಿ ಎಂಬ ಮನೆತನದ ಹೆಸರಿನವರನ್ನು ಹುಡುಕುವುದೆಂದರೆ ಜಾತ್ರೆಯಲ್ಲಿ ನಿಂತು ‘ಮಂಜು’ ಎಂದು ಕೂಗಿದಂತೆ. ಹತ್ತು ತಲೆ ತಿರುಗುತ್ತವೆ, ನಮ್ಮವನು ಯಾರೆಂದು ಮಾತ್ರ ತಿಳಿಯುವುದಿಲ್ಲ.

ಅಲ್ಲಿ ಕೈಹಿಡಿಯುವುದು ಮನುಷ್ಯನ ಹೆಸರಲ್ಲ, ಹೊಲದ ಹೆಸರು. ಈ ವಾರ ಅದರ ಕಥೆ.

ಸುಟ್ಟುಹೋದ ಏಳು ಶತಮಾನ

ಮೊದಲು ಒಂದು ಪ್ರಶ್ನೆ. ಜನಗಣತಿ ಇತ್ತಲ್ಲ, ಅದನ್ನು ನೋಡಿದರೆ ಆಗದೇ?

ಐರ್ಲೆಂಡಿನಲ್ಲಿ 1821ರಿಂದ ಹತ್ತು ವರ್ಷಕ್ಕೊಮ್ಮೆ ಮನೆಮನೆಯ ಗಣತಿ ನಡೆಯಿತು. ಆದರೆ 1861 ಮತ್ತು 1871ರ ಮನೆವಾರು ಹಾಳೆಗಳನ್ನು ಲೆಕ್ಕ ತೆಗೆದಾದ ಮೇಲೆ ಸರ್ಕಾರವೇ ನಾಶ ಮಾಡಿತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ರದ್ದಿ ಕಾಗದವಾಗಿ ಅರೆಯಲ್ಪಟ್ಟವು. ಉಳಿದಿದ್ದ 1821ರಿಂದ 1851ರವರೆಗಿನ ಗಣತಿ ಪುಸ್ತಕಗಳು ಡಬ್ಲಿನ್ ನಗರದ ‘ಫೋರ್ ಕೋರ್ಟ್ಸ್’ ಆವರಣದ ದಾಖಲೆ ಭಂಡಾರದಲ್ಲಿದ್ದವು. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದ ದಿನಗಳಲ್ಲಿ, ಆ ಭಂಡಾರ ಸ್ಫೋಟಕ್ಕೂ ಬೆಂಕಿಗೂ ತುತ್ತಾಯಿತು. ಏಳು ಶತಮಾನಗಳ ಕಾಗದಪತ್ರ ಒಂದು ಮಧ್ಯಾಹ್ನದಲ್ಲಿ ಬೂದಿ. ಅರೆಸುಟ್ಟ ಹಾಳೆಗಳು ಗಾಳಿಯಲ್ಲಿ ಹಾರಿ ಊರ ಬೀದಿಗಳಲ್ಲಿ ಬಿದ್ದವು. ಪೂರ್ಣವಾಗಿ ಉಳಿದ ಅತಿ ಹಳೆಯ ಗಣತಿ ಎಂದರೆ 1901ರದು, ಅದರ ನಂತರ 1911ರದು.

ಜನನ ಮರಣಗಳ ಸರ್ಕಾರಿ ನೋಂದಣಿ ಎಲ್ಲರಿಗೂ ಅನ್ವಯವಾದದ್ದು 1864ರಿಂದ. ಆದರೆ ಜನ ಗುಂಪುಗುಂಪಾಗಿ ದೇಶ ಬಿಟ್ಟದ್ದು ಅದಕ್ಕೂ ಮೊದಲೇ. 1845ರಲ್ಲಿ ಆಲೂಗಡ್ಡೆ ಬೆಳೆಗೆ ಅಂಗಮಾರಿ ರೋಗ ಬಿತ್ತು. ಬಡವರ ಊಟವೆಂದರೆ ಆಲೂಗಡ್ಡೆಯೇ ಆಗಿದ್ದ ನಾಡು ಅದು. ಮುಂದಿನ ಏಳು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು ಮತ್ತು ಜ್ವರಗಳಿಂದ ಸತ್ತರು. ಇನ್ನೂ ಹತ್ತು ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. 1841ರಲ್ಲಿ 81 ಲಕ್ಷ 75 ಸಾವಿರವಿದ್ದ ಜನಸಂಖ್ಯೆ 1851ರಲ್ಲಿ 65 ಲಕ್ಷ 52 ಸಾವಿರಕ್ಕೆ ಇಳಿಯಿತು. ಸರಿಯಾಗಿ ಈ ಕಾಲದ ಹೆಸರುಗಳೇ ಬೇಕು, ಈ ಕಾಲದ ಗಣತಿಯೇ ಇಲ್ಲ.

ಉಳಿದದ್ದು ಏನು? ಕಂದಾಯದ ಲೆಕ್ಕ ಮತ್ತು ಅದಕ್ಕಾಗಿ ಬರೆದ ನಕ್ಷೆ.

ಊರಲ್ಲದ ಊರು

ಐರ್ಲೆಂಡಿನ ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಭಾಗ ಮಾಡಿದ್ದಾರೆ. ಮೇಲಿನಿಂದ ನಾಲ್ಕು ಪ್ರಾಂತಗಳು, ಅವುಗಳೊಳಗೆ 32 ಕೌಂಟಿಗಳು. ಕೌಂಟಿಯೊಳಗೆ ಬ್ಯಾರನಿ, ಮತ್ತು ಪ್ಯಾರಿಷ್. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು ಟೌನ್‌ಲ್ಯಾಂಡ್. ಹೆಸರಿನಲ್ಲಿ ಟೌನ್ ಇದೆ ಎಂದು ಪೇಟೆಯನ್ನು ಕಲ್ಪಿಸಿಕೊಳ್ಳಬೇಡಿ. ಅಲ್ಲಿ ಅಂಗಡಿ ಇರಲಿಕ್ಕಿಲ್ಲ, ಚರ್ಚೂ ಇರಲಿಕ್ಕಿಲ್ಲ. ಕೆಲವು ಹೊಲಗಳು, ಒಂದು ಹಳ್ಳ, ಕಲ್ಲಿನ ಪಾಗಾರ, ಐದಾರು ಮನೆ, ಅಷ್ಟೇ. ಇಂಥ ಟೌನ್‌ಲ್ಯಾಂಡ್‌ಗಳು ಇಡೀ ದ್ವೀಪದಲ್ಲಿ 60 ಸಾವಿರಕ್ಕೂ ಹೆಚ್ಚು. ಒಂದು ಎಕರೆಯೂ ಇಲ್ಲದ್ದುಂಟು, ಏಳು ಸಾವಿರ ಎಕರೆಯದೂ ಉಂಟು. ಅನೇಕ ಗಡಿಗಳು ಇಂಗ್ಲಿಷರು ಬರುವುದಕ್ಕಿಂತ ಹಳೆಯವು.

ಹಳ್ಳಿಯ ಐರಿಷ್ ಮನುಷ್ಯನಿಗೆ ‘ನಿನ್ನದು ಯಾವೂರು’ ಎಂದು ಕೇಳಿದರೆ ಅವನು ಹೇಳುತ್ತಿದ್ದದ್ದು ಈ ಟೌನ್‌ಲ್ಯಾಂಡಿನ ಹೆಸರನ್ನು. ಆ ಹೆಸರುಗಳೇ ಒಂದು ಪಾಠ. ‘ಬ್ಯಾಲಿ’ ಎಂದು ಶುರುವಾದರೆ ಊರು ಅಥವಾ ನೆಲೆ. ‘ನಾಕ್’ ಎಂದರೆ ಗುಡ್ಡ. ‘ಡೆರಿ’ ಎಂದರೆ ಓಕ್ ಮರಗಳ ತೋಪು. ‘ಗಾರ್ಟ್’ ಎಂದರೆ ಹೊಲ. ‘ಕಿಲ್’ ಎಂದರೆ ಬಹಳ ಕಡೆ ಚರ್ಚು, ಕೆಲವು ಕಡೆ ಕಾಡು. ಐರಿಷ್ ಭಾಷೆಯಲ್ಲಿ ಎರಡಕ್ಕೂ ಬೇರೆ ಬೇರೆ ಶಬ್ದವಿದೆ. ಇಂಗ್ಲಿಷ್ ಅಕ್ಷರಕ್ಕೆ ಇಳಿದಾಗ ಎರಡೂ ಒಂದೇ ಆದವು.

ಮೇರೆ ತೋರಿಸಿದವರು

ಈ ಹೆಸರುಗಳು ನಕ್ಷೆಗೆ ಬಂದದ್ದು ಹೇಗೆ? ಹೊಲದ ತೆರಿಗೆ ಎಲ್ಲ ಕಡೆ ಒಂದೇ ಅಳತೆಯಲ್ಲಿ ಬೀಳುತ್ತಿಲ್ಲ ಎಂಬ ದೂರು ಬಹಳ ಕಾಲದಿಂದ ಇತ್ತು. ಅದನ್ನು ಸರಿಪಡಿಸಲು 1824ರಲ್ಲಿ ಬ್ರಿಟಿಷ್ ಸರ್ಕಾರ ಐರ್ಲೆಂಡಿನ ಮೋಜಣಿಗೆ ಆಜ್ಞೆ ಮಾಡಿತು. ಮುಖ್ಯಸ್ಥ ಥಾಮಸ್ ಕಾಲ್ಬಿ ಎಂಬ ಸೈನ್ಯದ ಎಂಜಿನಿಯರ್. ಒಂದು ಮೈಲಿಗೆ ಆರು ಅಂಗುಲದ ಪ್ರಮಾಣದಲ್ಲಿ ಇಡೀ ದೇಶದ ನಕ್ಷೆ ತಯಾರಾಗಬೇಕು. ಲಂಡನ್‌ಡೆರಿ ಕೌಂಟಿಯ ಹಾಳೆಗಳು 1833ರಲ್ಲಿ ಮೊದಲು ಅಚ್ಚಾದವು. ಕೊನೆಯದಾಗಿ 1846ರಲ್ಲಿ ಕೆರಿ ಕೌಂಟಿ ಮುಗಿಯಿತು. ಒಂದೊಂದು ಮನೆಯೂ ಕಪ್ಪು ಚುಕ್ಕೆಯಾಗಿ ಕಾಣುವಷ್ಟು ವಿವರ ಅದರಲ್ಲಿತ್ತು.

ಮೊದಲಿಗೆ ಒಂದು ಆಧಾರ ರೇಖೆಯನ್ನು ಅತ್ಯಂತ ನಿಖರವಾಗಿ ಅಳೆಯಬೇಕು. ಬಿಸಿಲಿಗೆ ಸರಪಳಿ ಉದ್ದವಾಗುತ್ತದೆ, ಚಳಿಗೆ ಕುಗ್ಗುತ್ತದೆ. ಕಾಲ್ಬಿ ಕಬ್ಬಿಣ ಮತ್ತು ಹಿತ್ತಾಳೆಯ ಕಂಬಿಗಳನ್ನು ಜೋಡಿಸಿ, ಒಂದರ ಹಿಗ್ಗುವಿಕೆಯನ್ನು ಇನ್ನೊಂದು ಸರಿದೂಗಿಸುವ ಉಪಾಯ ಮಾಡಿದ. 1827-28ರಲ್ಲಿ ಲಾಕ್ ಫಾಯ್ಲ್ ಎಂಬ ಕೊಲ್ಲಿಯ ದಡದಲ್ಲಿ ಸುಮಾರು ಎಂಟು ಮೈಲಿ ಅಳೆದದ್ದು ಈ ಕಂಬಿಗಳಿಂದ. ಭಾರತದಿಂದ ರಜೆಯ ಮೇಲೆ ಹೋಗಿದ್ದ ಜಾರ್ಜ್ ಎವರೆಸ್ಟ್ ಐರ್ಲೆಂಡಿನ ಈ ಕೆಲಸವನ್ನು ಅಭ್ಯಾಸ ಮಾಡಿ, 1830ರಲ್ಲಿ ಅಂಥವೇ ಕಂಬಿಗಳನ್ನು ಇಲ್ಲಿಗೆ ತಂದರು. 1841ರಲ್ಲಿ ನಮ್ಮ ಬೀದರಿನ ಬಳಿ ಆಧಾರ ರೇಖೆಯನ್ನು ಅಳೆದದ್ದೂ ಕಾಲ್ಬಿಯ ವಿಧಾನದ ಕಂಬಿಗಳಿಂದಲೇ. ಐರ್ಲೆಂಡಿನ ಹೊಲಕ್ಕೂ ಬೀದರಿನ ಬಯಲಿಗೂ ಹೀಗೊಂದು ನಂಟು.

ಕಂಬಿ ಉದ್ದವನ್ನು ಹೇಳೀತು, ಯಾವ ಹೊಲ ಯಾವ ಟೌನ್‌ಲ್ಯಾಂಡಿಗೆ ಸೇರಿದ್ದು ಎಂದು ಹೇಳಲಾರದು. ಅದಕ್ಕೆ ಊರಿನ ತಿಳಿದವರೇ ಬೇಕು. ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಗಡಿ ಗುರುತಿಸುವ ಇಲಾಖೆ ಹುಟ್ಟಿತು. ಊರೂರಿನಲ್ಲಿ ಗಡಿ ಬಲ್ಲ ಹಿರಿಯರನ್ನು ನೇಮಿಸಿಕೊಂಡು, ಅವರ ಹಿಂದೆ ಹಳ್ಳ ಬೇಲಿ ಹಿಡಿದು ನಡೆದರು. ಇವರನ್ನು ಕರೆಯುತ್ತಿದ್ದ ಹೆಸರು ‘ಮೀರ್ಸ್‌ಮನ್’. ಹಳೆಯ ಇಂಗ್ಲಿಷಿನಲ್ಲಿ ಗಡಿಗೆ ‘ಮಿಯರ್’ ಎನ್ನುತ್ತಿದ್ದರಂತೆ. ನಮ್ಮ ‘ಮೇರೆ’ಗೂ ಅದಕ್ಕೂ ಸಂಬಂಧವಿಲ್ಲ, ಕೇವಲ ಕಾಕತಾಳೀಯ. ಆದರೂ ಕನ್ನಡ ಬಲ್ಲವರಿಗೆ ಆ ಮನುಷ್ಯನ ಕೆಲಸ ಏನೆಂದು ವಿವರಿಸಬೇಕಾಗಿಲ್ಲ!

ಹೆಸರುಗಳ ಜವಾಬ್ದಾರಿ ಜಾನ್ ಒ’ಡೊನೊವನ್ ಎಂಬ ವಿದ್ವಾಂಸನದು. ಅವನು ಹಳ್ಳಿಹಳ್ಳಿ ಅಲೆದು, ಮುದುಕರ ಬಾಯಲ್ಲಿ ಹೆಸರಿನ ಉಚ್ಚಾರ ಕೇಳಿ, ಅರ್ಥ ಬರೆದುಕೊಂಡು, ಇಂಗ್ಲಿಷ್ ಕಾಗುಣಿತವೊಂದನ್ನು ನಿಶ್ಚಯಿಸುತ್ತಿದ್ದ. ಇದರಿಂದ ಐರಿಷ್ ಹೆಸರುಗಳು ರೂಪಗೆಟ್ಟವು ಎಂಬ ನೋವು ಇಂದಿಗೂ ಇದೆ. ಬ್ರಿಯನ್ ಫ್ರೀಲ್ ಬರೆದು 1980ರಲ್ಲಿ ರಂಗಕ್ಕೆ ಬಂದ ‘ಟ್ರಾನ್ಸ್‌ಲೇಷನ್ಸ್’ ನಾಟಕದ ವಸ್ತು ಇದೇ. ನೋವು ನಿಜ. ಒ’ಡೊನೊವನ್‌ನ ಟಿಪ್ಪಣಿಗಳಿಂದಲೇ ಅನೇಕ ಹೆಸರುಗಳ ಮೂಲ ಇಂದು ತಿಳಿಯುತ್ತದೆ ಎಂಬುದೂ ನಿಜ.

ಗ್ರಿಫಿತ್‌ನ ಪುಸ್ತಕ

ನಕ್ಷೆ ಆಯಿತು. ಆಮೇಲೆ ಅದೇ ಗ್ರಿಫಿತ್ ಪ್ರತಿಯೊಂದು ಹಿಡುವಳಿಗೂ ವಾರ್ಷಿಕ ಬೆಲೆ ಕಟ್ಟಿಸಿದ. ಬಡವರ ಪರಿಹಾರದ ತೆರಿಗೆ ಮತ್ತು ಕೌಂಟಿಯ ತೆರಿಗೆ ಯಾರು ಎಷ್ಟು ಕೊಡಬೇಕೆಂದು ನಿರ್ಧರಿಸುವುದಕ್ಕಾಗಿ. 1847ರಿಂದ 1864ರವರೆಗೆ ಈ ಪಟ್ಟಿಗಳು ಅಚ್ಚಾದವು. ಸುಮಾರು ಹತ್ತು ಲಕ್ಷ ಹೆಸರುಗಳು! ಅಚ್ಚಾಗಿ ಹಲವು ಕಡೆ ಪ್ರತಿಗಳಿದ್ದದ್ದರಿಂದ 1922ರ ಬೆಂಕಿ ಇದನ್ನು ಮುಟ್ಟಲಾಗಲಿಲ್ಲ.

ಪುಟ ತೆರೆದರೆ ನಮ್ಮ ಪಹಣಿಯನ್ನು ನೋಡಿದವರಿಗೆ ಹೊಸದೆನಿಸದು. ಮೊದಲ ಅಂಕಣದಲ್ಲಿ ನಕ್ಷೆಯ ಸಂಖ್ಯೆ. ಆಮೇಲೆ ಟೌನ್‌ಲ್ಯಾಂಡ್, ಅದರಡಿ ಅನುಭವದಲ್ಲಿರುವವನ ಹೆಸರು, ಗೇಣಿಗೆ ಕೊಟ್ಟವನ ಹೆಸರು, ಹಿಡುವಳಿಯ ವಿವರ, ವಿಸ್ತೀರ್ಣ, ಜಮೀನಿನ ಬೆಲೆ, ಕಟ್ಟಡದ ಬೆಲೆ. ವಿಸ್ತೀರ್ಣ ಎಕರೆ, ರೂಡ್, ಪರ್ಚ್ ಲೆಕ್ಕದಲ್ಲಿರುತ್ತದೆ. ಎಕರೆಗೆ 4 ರೂಡ್, ರೂಡಿಗೆ 40 ಪರ್ಚ್. ನಮ್ಮ ಒಂದು ಗುಂಟೆಗೆ ಸರಿಯಾಗಿ 4 ಪರ್ಚ್.

ಗುಟ್ಟು ಇರುವುದು ಮೊದಲ ಅಂಕಣದಲ್ಲಿ. ಅಲ್ಲಿ ‘5’ ಎಂದಿದ್ದರೆ ನಕ್ಷೆಯಲ್ಲೂ ಆ ಹಿಡುವಳಿಯ ಮೇಲೆ ‘5’ ಎಂದಿರುತ್ತದೆ. ಹಿಡುವಳಿ ಎರಡು ಮೂರು ತುಂಡಾಗಿದ್ದರೆ ಸಂಖ್ಯೆಯ ಪಕ್ಕ ಇಂಗ್ಲಿಷಿನ ದೊಡ್ಡ ಅಕ್ಷರ. ಮನೆಗೆ ಚಿಕ್ಕ ಅಕ್ಷರ. ಪುಸ್ತಕದ ಸಾಲನ್ನು ಬೆರಳಲ್ಲಿ ಹಿಡಿದು ನಕ್ಷೆಗೆ ಬಂದರೆ ಬೆರಳು ಒಂದು ಮನೆಯ ಚುಕ್ಕೆಯ ಮೇಲೆ ನಿಲ್ಲುತ್ತದೆ. ಮುತ್ತಜ್ಜನ ಮನೆ!

ಹುಡುಕುವ ದಾರಿ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬೋಸ್ಟನ್ನಿನ ಒಬ್ಬ ಶಾಲಾ ಹುಡುಗಿ. ಅವಳ ಪೂರ್ವಜ ಮೈಕೆಲ್ ಸಲಿವನ್ 1860ರ ಸುಮಾರಿಗೆ ಬಂದವನು, ಕೆರಿ ಕೌಂಟಿಯವನು. ಇಷ್ಟೇ ಗೊತ್ತು. ಕೆರಿಯಲ್ಲಿ ಸಲಿವನ್ನರಿಗೆ ಲೆಕ್ಕವಿಲ್ಲ.

ಅವಳು ಮೊದಲು ಐರ್ಲೆಂಡಿಗೆ ಹಾರಬಾರದು. ಮನೆಯಿಂದಲೇ ಶುರು ಮಾಡಬೇಕು. ಹಳೆಯ ಕಾಗದ, ಮದುವೆಯ ದಾಖಲೆ, ಸಮಾಧಿಯ ಕಲ್ಲು. ಅನೇಕ ವಲಸಿಗರು ತಮ್ಮ ಸಮಾಧಿಯ ಮೇಲೆ ಹುಟ್ಟೂರಿನ ಹೆಸರು ಕೆತ್ತಿಸಿದ್ದಾರೆ. ‘ಬೋಸ್ಟನ್ ಪೈಲಟ್’ ಪತ್ರಿಕೆಯಲ್ಲಿ 1831ರಿಂದ 1921ರವರೆಗೆ ‘ಕಾಣೆಯಾದ ಸ್ನೇಹಿತರು’ ಎಂಬ ಜಾಹೀರಾತುಗಳು ಬರುತ್ತಿದ್ದವು. ಅಣ್ಣನನ್ನು ಹುಡುಕುವ ತಂಗಿ, ಗಂಡನನ್ನು ಹುಡುಕುವ ಹೆಂಡತಿ. ಬಹುಪಾಲು ಜಾಹೀರಾತುಗಳಲ್ಲಿ ಊರಿನ ಗುರುತು ಇರುತ್ತಿತ್ತು, ಏಕೆಂದರೆ ಅದಿಲ್ಲದೆ ಯಾವ ಸಲಿವನ್ ಎಂದು ತಿಳಿಯುವಂತಿರಲಿಲ್ಲ. ನ್ಯೂಯಾರ್ಕಿನಲ್ಲಿ ವಲಸಿಗರಿಗಾಗಿಯೇ 1850ರಲ್ಲಿ ತೆರೆದ ಉಳಿತಾಯ ಬ್ಯಾಂಕು ಖಾತೆದಾರನನ್ನು ಗುರುತು ಹಿಡಿಯಲೆಂದು ಹುಟ್ಟೂರು, ತಂದೆ ತಾಯಿ, ಒಡಹುಟ್ಟಿದವರ ಹೆಸರುಗಳನ್ನು ಬರೆದುಕೊಳ್ಳುತ್ತಿತ್ತು. ಹೀಗೆ ಎಲ್ಲಾದರೂ ಒಂದು ಟೌನ್‌ಲ್ಯಾಂಡಿನ ಹೆಸರು ಸಿಕ್ಕರೆ ಬಾಗಿಲು ತೆರೆಯಿತು.

ಎರಡನೆಯ ಹೆಜ್ಜೆ, ಆ ಹೆಸರನ್ನು 1851ರ ಗಣತಿಯನ್ನು ಆಧರಿಸಿ 1861ರಲ್ಲಿ ಅಚ್ಚಾದ ಟೌನ್‌ಲ್ಯಾಂಡ್ ಸೂಚಿಯಲ್ಲಿ ನೋಡುವುದು. ಬ್ಯಾಲಿಬೆಗ್, ಕಿಲ್‌ಮೋರ್‌ನಂಥ ಹೆಸರುಗಳು ಹತ್ತಾರು ಕಡೆ ಇವೆ. ಪ್ಯಾರಿಷ್ ಮತ್ತು ಬ್ಯಾರನಿ ಸೇರಿಸಿಯೇ ಗುರುತಿಸಬೇಕು. ಮೂರನೆಯ ಹೆಜ್ಜೆ ಗ್ರಿಫಿತ್‌ನ ಪುಸ್ತಕ, ನಾಲ್ಕನೆಯದು ನಕ್ಷೆ.

ಐದನೆಯದು ಬಲು ಸ್ವಾರಸ್ಯದ್ದು. ಗ್ರಿಫಿತ್‌ನ ಪಟ್ಟಿ ಅಚ್ಚಾದ ಮೇಲೆ ಕಚೇರಿಯವರು ಬದಲಾವಣೆಗಳನ್ನು ಕೈಬರಹದ ಪುಸ್ತಕಗಳಲ್ಲಿ ಗುರುತಿಸುತ್ತ ಹೋದರು. ಹಳೆಯ ಹೆಸರು ಹೊಡೆದು ಹೊಸ ಹೆಸರು, ಪಕ್ಕದಲ್ಲಿ ಇಸವಿ. ಬೇರೆ ಬೇರೆ ವರ್ಷಕ್ಕೆ ಬೇರೆ ಬೇರೆ ಬಣ್ಣದ ಶಾಯಿ. ಡೇನಿಯಲ್ ಸಲಿವನ್ ಹೊಡೆದುಹೋಗಿ ಅದೇ ಜಾಗದಲ್ಲಿ ಜಾನ್ ಸಲಿವನ್ ಬಂದಿದ್ದರೆ, ತಂದೆ ತೀರಿಕೊಂಡು ಮಗನ ಹೆಸರಿಗೆ ಜಮೀನು ಬಂತೇ ಎಂದು ಆ ವರ್ಷದ ಆಸುಪಾಸಿನ ಮರಣ ನೋಂದಣಿಯಲ್ಲಿ ಪರೀಕ್ಷಿಸಬಹುದು. ಹೀಗೆ ಇಳಿಯುತ್ತ ಬಂದರೆ 1901ರ ಗಣತಿ ಸಿಗುತ್ತದೆ. ಅದನ್ನೂ ಟೌನ್‌ಲ್ಯಾಂಡ್‌ವಾರು ಜೋಡಿಸಿದ್ದಾರೆ. ಅದೇ ಮನೆಯಲ್ಲಿ ಯಾರಿದ್ದರೆಂದು ಹೆಸರು, ವಯಸ್ಸು ಸಮೇತ ತಿಳಿಯುತ್ತದೆ. ಹಡಗು ಹತ್ತಿದ ಮೈಕೆಲ್‌ನ ಅಣ್ಣನ ಮೊಮ್ಮಕ್ಕಳು ಅಲ್ಲಿರಬಹುದು.

ಇಂದು ಗ್ರಿಫಿತ್‌ನ ಪುಸ್ತಕವೂ ನಕ್ಷೆಗಳೂ 1901, 1911ರ ಗಣತಿಗಳೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. 1922ರಲ್ಲಿ ಸುಟ್ಟ ದಾಖಲೆಗಳ ನಕಲುಗಳನ್ನು ಪ್ರಪಂಚದ ಮೂಲೆಮೂಲೆಗಳಿಂದ ಹುಡುಕಿ ಒಂದೆಡೆ ಸೇರಿಸುವ ಕೆಲಸವೂ ನಡೆದಿದೆ. ಬೆಂಕಿ ಬಿದ್ದು ನೂರು ವರ್ಷವಾದ 2022ರಲ್ಲಿ ಆ ಭಂಡಾರ ಎಲ್ಲರಿಗೂ ತೆರೆಯಿತು.

ಎಡವುವ ಜಾಗಗಳು

ವಿದ್ಯಾರ್ಥಿಗಳು ಗಮನಿಸಬೇಕಾದದ್ದು ಇಲ್ಲಿದೆ. ದಾಖಲೆ ಸುಳ್ಳು ಹೇಳದೆಯೂ ನಮ್ಮನ್ನು ದಾರಿ ತಪ್ಪಿಸಬಲ್ಲದು.

ಗ್ರಿಫಿತ್‌ನ ಪುಸ್ತಕದಲ್ಲಿ ‘ಮನೆ, ಆಫೀಸುಗಳು ಮತ್ತು ಜಮೀನು’ ಎಂದು ಬರೆದಿರುತ್ತದೆ. ಮುತ್ತಜ್ಜನಿಗೆ ಆಫೀಸಿತ್ತೆಂದು ಹಿಗ್ಗಬೇಡಿ. ಅಲ್ಲಿ ಆಫೀಸೆಂದರೆ ದನದ ಕೊಟ್ಟಿಗೆ, ಕಣಜ, ಕುದುರೆ ಲಾಯ. ಗೇಣಿಗೆ ಕೊಟ್ಟವನೇ ಜಮೀನ್ದಾರ ಎಂದೂ ತಿಳಿಯಬೇಡಿ. ಅವನೇ ಇನ್ನೊಬ್ಬರಿಂದ ಗೇಣಿಗೆ ಪಡೆದು ಒಳಗೇಣಿಗೆ ಕೊಟ್ಟ ಮಧ್ಯವರ್ತಿ ಇರಬಹುದು. ಒಂದೇ ಟೌನ್‌ಲ್ಯಾಂಡಿನಲ್ಲಿ ಇಬ್ಬರು ಜಾನ್ ಸಲಿವನ್ನರಿದ್ದರೆ ಕಂಸದಲ್ಲಿ ಅಪ್ಪನ ಹೆಸರನ್ನೋ ಅಡ್ಡಹೆಸರನ್ನೋ ಸೇರಿಸುತ್ತಿದ್ದರು. ಆ ಕಂಸವನ್ನು ಬಿಟ್ಟು ಓದಿದವರು ಬೇರೆಯವರ ಅಜ್ಜನನ್ನು ತಮ್ಮವನೆಂದು ಮನೆಗೆ ಕರೆದುಕೊಂಡು ಹೋಗುತ್ತಾರೆ. ಕೆಲವು ಕಡೆ ಪುಸ್ತಕಕ್ಕೆ ಜೋಡಿಸಿದ ನಕ್ಷೆ ನಂತರದ ಆವೃತ್ತಿಯದಾಗಿದ್ದು ಸಂಖ್ಯೆಗಳು ಹೊಂದುವುದಿಲ್ಲ. ಹಾಗಾಗಿ ಹೆಸರು, ನೆಲ, ಕಾಲ, ಈ ಮೂರೂ ಒಂದಕ್ಕೊಂದು ತಾಳೆಯಾಗುವವರೆಗೆ ‘ಸಿಕ್ಕಿತು’ ಎನ್ನಬಾರದು.

ಇನ್ನೊಂದು ಮಾತು. ಅದು ತೆರಿಗೆಯ ಪುಸ್ತಕ. ತೆರಿಗೆಯ ಲೆಕ್ಕಕ್ಕೆ ಬೇಕಾದವನ ಹೆಸರಷ್ಟೇ ಅದರಲ್ಲಿ. ಹೆಂಡತಿ ಮಕ್ಕಳು ಇಲ್ಲ. ಹೆಂಗಸಿನ ಹೆಸರು ಕಂಡರೆ ಆಕೆ ಹೆಚ್ಚಾಗಿ ವಿಧವೆ. ತುಂಡು ನೆಲವೂ ಇಲ್ಲದ ಕೂಲಿಯವನ ಹೆಸರು ಅನೇಕ ಕಡೆ ಇಲ್ಲವೇ ಇಲ್ಲ.

ಮಾಯವಾದ ಚುಕ್ಕೆಗಳು

ಹೆಸರು ಸಿಗದವರ ಕಥೆಯನ್ನೂ ನಕ್ಷೆ ಹೇಳುತ್ತದೆ. 1843ರ ಕಾನೂನಿನಂತೆ 4 ಪೌಂಡ್ ಅಥವಾ ಅದಕ್ಕಿಂತ ಕಡಿಮೆ ಬೆಲೆಯ ಹಿಡುವಳಿಗಳಿದ್ದರೆ ಅವುಗಳ ಬಡವರ ತೆರಿಗೆಯನ್ನು ಜಮೀನ್ದಾರನೇ ಕಟ್ಟಬೇಕಿತ್ತು. ಕ್ಷಾಮ ಬಂದು ತೆರಿಗೆ ಏರಿದಾಗ ಅನೇಕ ಜಮೀನ್ದಾರರು ಕಂಡುಕೊಂಡ ಉಪಾಯವೆಂದರೆ ಸಣ್ಣ ಗೇಣಿದಾರರನ್ನು ಒಕ್ಕಲೆಬ್ಬಿಸಿ ಗುಡಿಸಲು ಕೆಡವುವುದು. 1847ರ ಇನ್ನೊಂದು ಕಾನೂನು, ಕಾಲು ಎಕರೆಗಿಂತ ಹೆಚ್ಚು ನೆಲವಿಟ್ಟುಕೊಂಡವರಿಗೆ ಸರ್ಕಾರದ ಗಂಜಿಯಿಲ್ಲ ಎಂದಿತು. ನೆಲ ಬಿಟ್ಟರೆ ಗಂಜಿ, ನೆಲ ಹಿಡಿದರೆ ಹಸಿವು.

1830-40ರ ಆರು ಅಂಗುಲದ ನಕ್ಷೆಯಲ್ಲಿ ಒಂದು ಮೂಲೆಯಲ್ಲಿ ಒತ್ತೊತ್ತಾಗಿ ಹತ್ತು ಹನ್ನೆರಡು ಚುಕ್ಕೆಗಳಿರುತ್ತವೆ. ಶತಮಾನದ ಕೊನೆಯ ದೊಡ್ಡ ನಕ್ಷೆಯಲ್ಲಿ ಅದೇ ಮೂಲೆ ಬರೀ ಹುಲ್ಲುಗಾವಲು. ಸುಟ್ಟ ಗಣತಿಯ ಒಟ್ಟು ಅಂಕಿಗಳು ಮೊದಲೇ ಅಚ್ಚಾಗಿದ್ದರಿಂದ, 1841 ಮತ್ತು 1851ರಲ್ಲಿ ಪ್ರತಿ ಟೌನ್‌ಲ್ಯಾಂಡಿನ ಮನೆಯೆಷ್ಟು, ಜನವೆಷ್ಟು ಎಂದು ಪಕ್ಕಪಕ್ಕದಲ್ಲಿ ನೋಡಬಹುದು. ಎರಡು ಅಂಕಿಗಳ ನಡುವಿನ ವ್ಯತ್ಯಾಸ ಒಂದು ಕುಟುಂಬದ ಅಜ್ಜಿ ಹೇಳದೆ ಉಳಿಸಿದ ಮಾತು.

ಯೋಚಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ಈ ನಕ್ಷೆಯನ್ನು ಬರೆಸಿದವರಿಗೆ ಆ ರೈತರ ನೆನಪನ್ನು ಉಳಿಸುವ ಉದ್ದೇಶ ಇರಲಿಲ್ಲ. ತೆರಿಗೆ ಬಂದರೆ ಸಾಕಿತ್ತು. ಆದರೂ ಗಡಿ ತೋರಿಸಲು ಮುಂದೆ ನಡೆದ ಮುದುಕ ಮೇರೆಯನ್ನು ಸರಿಯಾಗಿ ತೋರಿಸಿದ. ಬರೆಯುವವನು ಸಾಲನ್ನು ಸರಿಯಾಗಿ ಬರೆದ. ನೂರೈವತ್ತು ವರ್ಷದ ಮೇಲೆ ಆ ಎರಡು ಸರಿಯಾದ ಕೆಲಸಗಳೇ ಮೊಮ್ಮಗಳನ್ನು ಮನೆ ಬಾಗಿಲಿಗೆ ತಂದು ನಿಲ್ಲಿಸಿದವು.

ತಂದೆ ತಾಯಿಯರಿಗೂ ಇದರಲ್ಲೊಂದು ಕಿವಿಮಾತಿದೆ. ಮಕ್ಕಳು ವಂಶವೃಕ್ಷ ಬರೆಯಲು ಕುಳಿತಾಗ ಹೆಸರುಗಳನ್ನಷ್ಟೇ ಹೇಳಬೇಡಿ. ಊರಿನ ಹೆಸರು, ಹೊಲದ ಹೆಸರು, ಪಕ್ಕದ ಹಳ್ಳದ ಹೆಸರನ್ನೂ ಹೇಳಿ, ಬರೆಸಿ. ಬೋಸ್ಟನ್ನಿನ ಸಲಿವನ್ನರಿಗೆ ವರ್ಷಗಟ್ಟಲೆ ಹುಡುಕುವ ಶ್ರಮವನ್ನು ಉಳಿಸಬಹುದಾಗಿದ್ದದ್ದು, ಅಜ್ಜ ಒಮ್ಮೆ ಬರೆದಿಡಬಹುದಾಗಿದ್ದ ಅಂಥ ಒಂದೇ ಒಂದು ಶಬ್ದ.